ಎರಡು ಸಲ ದಾಟಿದ ಹೊಸ್ತಿಲು

ಅಧ್ಯಾಪಕರು: ರಾಯರೇ, ವಕೀಲಿವೃತ್ತಿಯಿಂದ ಸಂಸತ್ತಿಗೆ ಹೋದವರ ಪಟ್ಟಿಯನ್ನು ಬರೆಯಹೊರಟರೆ ಅದು ಮುಗಿಯುವ ಕೆಲಸವಲ್ಲ. ನಮ್ಮ ಸಂವಿಧಾನ ಸಭೆಯನ್ನೇ ದೂರದಿಂದ ನೋಡಿದವನಿಗೆ ಅದೊಂದು ದೊಡ್ಡ ವಕೀಲರ ಸಂಘವೆಂದು ತೋರಿದ್ದೀತು. ಹೀಗಿರುವಾಗ ಈ ಮಾತು ಬಂದಾಗಲೆಲ್ಲ ತಾವು ಕೌಡೂರು ಸದಾನಂದ ಹೆಗ್ಡೆಯವರೊಬ್ಬರ ಹೆಸರನ್ನೇ ಹಿಡಿದು ನಿಲ್ಲುವುದೇಕೆ? ಲೋಕವು ಅವರನ್ನು ನೆನೆಯುವುದು ನ್ಯಾಯಮೂರ್ತಿಗಳೆಂದು. ಸಂಸತ್ಸದಸ್ಯರೆಂದು ನೆನೆಯುವವರನ್ನು ನಾನಂತೂ ಕಂಡಿಲ್ಲ.

ವಕೀಲರು: ಆ ಕಾರಣಕ್ಕಾಗಿಯೇ, ಮೇಷ್ಟ್ರೇ. ಉಳಿದವರು ಕೋರ್ಟಿನಿಂದ ಸಂಸತ್ತಿಗೆ ಒಮ್ಮೆ ಹೋದರು. ಹೋಗಿ ಅಲ್ಲಿಯೇ ನಿಂತರು, ಇಲ್ಲವೆ ಸೋತು ತಮ್ಮ ಹಳೆಯ ಕಕ್ಷಿಗಾರರ ಬಳಿಗೆ ಹಿಂದಿರುಗಿದರು. ಹೆಗ್ಡೆಯವರಾದರೋ ವಕೀಲಿಯಿಂದ ರಾಜ್ಯಸಭೆಗೆ, ರಾಜ್ಯಸಭೆಯಿಂದ ನ್ಯಾಯಪೀಠಕ್ಕೆ, ನ್ಯಾಯಪೀಠದಿಂದ ಮತ್ತೆ ಲೋಕಸಭೆಗೆ, ಲೋಕಸಭೆಯಲ್ಲಿ ಕೆಲವೇ ತಿಂಗಳು ಸದಸ್ಯರಾಗಿ ಕುಳಿತು ಅದರ ಅಧ್ಯಕ್ಷಪೀಠಕ್ಕೆ, ಹೀಗೆ ಕಾನೂನನ್ನು ಮಾಡುವ ಮನೆಗೂ ಅದನ್ನು ಒರೆಗೆ ಹಚ್ಚುವ ಮನೆಗೂ ನಡುವೆ ಇರತಕ್ಕ ಹೊಸ್ತಿಲನ್ನು ಎರಡು ಸಲ ದಾಟಿದವರು. ಒಮ್ಮೆ ಒಳಗಿನಿಂದ ಹೊರಕ್ಕೆ, ಇನ್ನೊಮ್ಮೆ ಹೊರಗಿನಿಂದ ಒಳಕ್ಕೆ. ವಕೀಲನೊಬ್ಬನು ರಾಜಕಾರಣಕ್ಕೆ ಏನನ್ನು ಕೊಂಡೊಯ್ಯುತ್ತಾನೆ, ಅಲ್ಲಿ ಏನನ್ನು ಕಳೆದುಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಸಮರ್ಪಕವಾದ ಜೀವನವು ನನಗೆ ತಿಳಿದಮಟ್ಟಿಗೆ ನಮ್ಮ ನಾಡಿನಲ್ಲಿಲ್ಲ.

ಅಧ್ಯಾಪಕರು: ಹಾಗಾದರೆ ಮೊದಲಿನಿಂದ ಹೇಳಿ. ಆದರೆ ಬಾಲ್ಯವರ್ಣನೆಯನ್ನು ಸಂಕ್ಷೇಪಿಸಬೇಕು.

ವಕೀಲರು: ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. 1909ರಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನನ; ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಯದೇ ಲಾ ಕಾಲೇಜು; ಅನಂತರ ದಕ್ಷಿಣ ಕನ್ನಡದ ಕೋರ್ಟುಗಳಲ್ಲಿ ವಕೀಲಿ, 1947ರಿಂದ 1951ರವರೆಗೆ ಸರ್ಕಾರಿ ವಕೀಲರಾಗಿ ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಸೇವೆ. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತಾದುದರಿಂದ 1952ರಲ್ಲಿ ರಾಜ್ಯಸಭೆಯು ಮೊದಲಬಾರಿಗೆ ರಚಿತವಾದಾಗ ಅವರು ಕಾಂಗ್ರೆಸ್ಸಿನ ಪರವಾಗಿ ಮದರಾಸಿನಿಂದಲೇ ಆಯ್ಕೆಯಾದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲಿಯೂ ಅವರಿದ್ದರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಹೆಗ್ಡೆಯವರು ರಾಜ್ಯಸಭೆಯ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಇದು ಮೊದಲನೆಯ ದಾಟು.

ಅಧ್ಯಾಪಕರು: ನನ್ನ ಮೊದಲನೆಯ ಆಕ್ಷೇಪಣೆಯೂ ಅಲ್ಲಿಯೇ ಇದೆ. ಆಳುವ ಪಕ್ಷದ ಸಂಸತ್ಸದಸ್ಯರೊಬ್ಬರು, ನಿನ್ನೆಯವರೆಗೆ ಪಕ್ಷದ ಸಚೇತಕರ ಆಜ್ಞೆಗನುಸಾರವಾಗಿ ಕೈಯೆತ್ತುತ್ತಿದ್ದವರು, ಅದೇ ಪಕ್ಷದ ಸರ್ಕಾರದ ಸಲಹೆಯ ಮೇರೆಗೆ ಇಂದು ಹೈಕೋರ್ಟಿನ ಪೀಠವನ್ನು ಏರಿ, ಆ ಸರ್ಕಾರವೇ ಪ್ರತಿವಾದಿಯಾಗಿ ನಿಲ್ಲುವ ವ್ಯಾಜ್ಯಗಳನ್ನು ವಿಚಾರಿಸತೊಡಗಿದರೆ, ಕಟಕಟೆಯ ಈಚೆ ನಿಂತ ಬಡ ವಾದಿಯ ಮನಸ್ಸಿನಲ್ಲಿ ಏನು ಮೂಡೀತು? ಅಸ್ಸಾಮಿನ ಬಹರುಲ್ ಇಸ್ಲಾಂ ಅವರು ರಾಜ್ಯಸಭೆಯಿಂದ 1972ರಲ್ಲಿ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ, ಸುಪ್ರೀಂ ಕೋರ್ಟನ್ನು ಬಿಟ್ಟು 1983ರಲ್ಲಿ ಮರಳಿ ರಾಜ್ಯಸಭೆಗೆ ಹೋದುದನ್ನು ಕುರಿತು ನಿಮ್ಮ ವಕೀಲ ಬಂಧುಗಳೇ ಎಷ್ಟು ಕಠಿಣವಾಗಿ ಮಾತನಾಡಿಲ್ಲ! ದಾರಿಯು ಅದೇ ಆದ ಮೇಲೆ ನಡೆದವರ ಹೆಸರು ಬೇರೆಯಾದ ಮಾತ್ರಕ್ಕೆ ತೀರ್ಪು ಬೇರೆಯಾಗತಕ್ಕದ್ದೆ?

ವಕೀಲರು: ನಡೆದವನು ಹೇಗೆ ನಡೆದನೆಂಬುದನ್ನೂ ನೋಡಬೇಡವೆ? ಹೆಗ್ಡೆಯವರು ಅಠಾರ ಕಚೇರಿಯಲ್ಲಿದ್ದ ಮೈಸೂರು ಹೈಕೋರ್ಟಿನ ಪೀಠದಲ್ಲಿ ಒಂಬತ್ತು ವರ್ಷ ಕುಳಿತರು. 1966ರಲ್ಲಿ ದೆಹಲಿ ಹೈಕೋರ್ಟು ಸ್ಥಾಪನೆಯಾದಾಗ ಅದರ ಪ್ರಥಮ ಮುಖ್ಯ ನ್ಯಾಯಮೂರ್ತಿಗಳಾದರು. 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲಿ ಅವರು ಹಳೆಯ ಪಕ್ಷದ ಋಣವನ್ನು ತೀರಿಸಿದರೆಂದು ಹೇಳಬಲ್ಲಿರಾ? 1970ರ ಫೆಬ್ರವರಿಯಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಶಾಸನವನ್ನು ಹನ್ನೊಂದು ನ್ಯಾಯಾಧೀಶರ ಪೀಠದಲ್ಲಿ ಹತ್ತು ಮಂದಿ ಅಸಿಂಧುವೆಂದರು. ಹೆಗ್ಡೆಯವರು ಆ ಹತ್ತರಲ್ಲಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜಧನದ ಮೊಕದ್ದಮೆಯಲ್ಲಿಯೂ ಸರ್ಕಾರಕ್ಕೆ ವಿರುದ್ಧವಾದ ಬಹುಮತದಲ್ಲಿದ್ದರು. 1972ರಲ್ಲಿ, ಇಂದಿರಾ ಗಾಂಧಿಯವರ ಆಯ್ಕೆಯ ವಿರುದ್ಧ ರಾಜನಾರಾಯಣರು ಹೂಡಿದ್ದ ರಾಯಬರೇಲಿಯ ಚುನಾವಣಾ ತಕರಾರು ಅರ್ಜಿಯ ಒಂದು ಕವಲು ಸುಪ್ರೀಂ ಕೋರ್ಟಿಗೆ ಬಂದಾಗ ರಾಜನಾರಾಯಣರಿಗೆ ಅನುಕೂಲವಾದ ತೀರ್ಪನ್ನು ಬರೆದವರೂ ಅವರೇ. ಆ ಅರ್ಜಿಯೇ ಮುಂದೆ ಬೆಳೆದು 1975ರ ಜೂನ್ 12ರಂದು ಅಲಹಾಬಾದಿನ ತೀರ್ಪಾಗಿ ದೇಶವನ್ನು ನಡುಗಿಸಿತು. ಋಣವನ್ನು ತೀರಿಸುವ ರೀತಿ ಇದೇನು, ಮೇಷ್ಟ್ರೇ?

ಅಧ್ಯಾಪಕರು: ತಾವು ನನ್ನನ್ನು ಪೂರ್ವಪಕ್ಷದಲ್ಲಿ ನಿಲ್ಲಿಸಿ ಸುಲಭವಾಗಿ ಗೆಲ್ಲಲು ನೋಡುತ್ತಿದ್ದೀರಿ. ಹೆಗ್ಡೆಯವರು ಪ್ರಾಮಾಣಿಕರಲ್ಲವೆಂದು ನಾನು ಹೇಳಲಿಲ್ಲ. ನಾನು ಹೇಳಹೊರಟುದನ್ನು ಅವರೇ ನನಗಿಂತ ಚೆನ್ನಾಗಿ ಹೇಳಿದ್ದಾರೆ. 1969ರ ಕ್ರೈಪಾಕ್ ಮೊಕದ್ದಮೆಯ ತೀರ್ಪನ್ನು ನೆನೆಸಿಕೊಳ್ಳಿ.

ವಕೀಲರು: ಅದನ್ನು ಮರೆಯುವ ವಕೀಲನಿಲ್ಲ. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಅಖಿಲ ಭಾರತ ಅರಣ್ಯಸೇವೆಗೆ ಆರಿಸುವುದಕ್ಕೆ ಒಂದು ಮಂಡಲಿ. ಆ ಮಂಡಲಿಯ ಸದಸ್ಯರಲ್ಲೊಬ್ಬರಾದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯು ತಾನೂ ಒಬ್ಬ ಅಭ್ಯರ್ಥಿ! ತನ್ನ ಹೆಸರು ಬಂದಾಗ ಆತನು ಪಕ್ಕಕ್ಕೆ ಸರಿದುದು ನಿಜ. ಆದರೆ ತನ್ನ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗ ಅವರ ಯೋಗ್ಯತೆಯನ್ನು ತೂಗುತ್ತ ಕುಳಿತೇ ಇದ್ದನು. ಆಯ್ಕೆಯನ್ನು ಸುಪ್ರೀಂ ಕೋರ್ಟು ರದ್ದುಮಾಡಿತು. ಆಡಳಿತದ ಕೆಲಸ, ನ್ಯಾಯನಿರ್ಣಯದ ಕೆಲಸ ಎಂದು ಎರಡು ಪಾತ್ರೆಗಳನ್ನು ಬೇರೆಬೇರೆ ಇಟ್ಟು, ಸಹಜನ್ಯಾಯದ ನಿಯಮಗಳೆಲ್ಲ ಎರಡನೆಯದಕ್ಕೆ ಮಾತ್ರ ಅನ್ವಯಿಸತಕ್ಕವೆಂದು ಅದುವರೆಗೆ ನಂಬಿಕೊಂಡು ಬಂದಿದ್ದ ಭಾವನೆಯ ಬುಡವನ್ನೇ ಆ ತೀರ್ಪು ಸಡಿಲಿಸಿತು. ಇಂದಿಗೂ ವರ್ಗಾವಣೆ, ನೇಮಕ, ಲೈಸೆನ್ಸು ರದ್ದತಿ ಇತ್ಯಾದಿ ಯಾವ ರಿಟ್ ಅರ್ಜಿಯನ್ನು ಬರೆಯುವಾಗಲೂ ನಾವು ಅದನ್ನು ಕೈಗೆತ್ತಿಕೊಳ್ಳುತ್ತೇವೆ.

ಅಧ್ಯಾಪಕರು: ಆ ಅರಣ್ಯಾಧಿಕಾರಿಯು ಪಕ್ಷಪಾತಿಯೆಂದು ಯಾರಾದರೂ ಸಿದ್ಧಪಡಿಸಿದರೆ? ಇಲ್ಲ. ಸಿದ್ಧಪಡಿಸಬೇಕಾದ ಅಗತ್ಯವೂ ಇಲ್ಲವೆಂದು ಹೆಗ್ಡೆಯವರು ಹೇಳಿದರು. ಪಕ್ಷಪಾತಕ್ಕೆ ಸಂಭವವಿದೆಯೆಂದು ಸಾಮಾನ್ಯ ಮನುಷ್ಯನು ನ್ಯಾಯವಾಗಿ ಶಂಕಿಸುವಂತಿದ್ದರೆ ಸಾಕು. ಅದೇ ಅಳತೆಗೋಲನ್ನು 1957ಕ್ಕೆ ಹಿಡಿಯಿರಿ. ಅವರು ಮುಂದೆ ಎಷ್ಟು ಧೀರವಾದ ತೀರ್ಪುಗಳನ್ನು ಬರೆದರೂ, ಪಕ್ಷದ ಬೆಂಚಿನಿಂದ ನ್ಯಾಯದ ಬೆಂಚಿಗೆ ನಡುವೆ ಅಂತರವೇ ಇಲ್ಲವೆಂಬಂತೆ ಏರಿದ ಆ ಕ್ರಮವು ಶಂಕೆಗೆ ಎಡೆಗೊಡುವಂಥದು. ಫಲವು ಸಿಹಿಯಾಯಿತೆಂದು ಬಿತ್ತಿದ ಕ್ರಮವನ್ನು ಸಮರ್ಥಿಸಲಾಗದು.

ವಕೀಲರು: ವಾದವು ಚೆನ್ನಾಗಿದೆ. ಇಷ್ಟು ಮಾತ್ರ ಹೇಳುತ್ತೇನೆ: ಆಗ ದೇಶದಲ್ಲಿ ಓದಿದ ವಕೀಲರಲ್ಲಿ ಕಾಂಗ್ರೆಸ್ಸಿನ ಸೋಂಕು ತಾಗದವರನ್ನು ಹುಡುಕಿ ನ್ಯಾಯಾಧೀಶರನ್ನಾಗಿ ಮಾಡಬೇಕೆಂದಿದ್ದರೆ ಅನೇಕ ಕಡೆಗಳಲ್ಲಿ ಪೀಠಗಳು ಬರಿದಾಗಿರುತ್ತಿದ್ದವು. ಇದು ಸಮಾಧಾನ, ಪೂರ್ಣ ಉತ್ತರವಲ್ಲವೆಂದು ನಾನೂ ಬಲ್ಲೆ. ಮುಂದಕ್ಕೆ ಹೋಗೋಣ, ಅವರ ರಾಜಕೀಯ ಜೀವನದ ಮುಖ್ಯ ಘಟನೆಯು ಅವರು ರಾಜಕಾರಣದಲ್ಲಿ ಇಲ್ಲದಿದ್ದಾಗಲೇ ನಡೆಯಿತು.

ಅಧ್ಯಾಪಕರು: 1973ರ ಏಪ್ರಿಲ್.

ವಕೀಲರು: 1973ರ ಏಪ್ರಿಲ್. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯನ್ನು ಹದಿಮೂರು ನ್ಯಾಯಾಧೀಶರು, 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ, 68 ದಿನ ಕೇಳಿದರು. ಎಡನೀರು ಇರುವುದು ಕಾಸರಗೋಡಿನ ಬಳಿ. ಕೌಡೂರು ಕಾರ್ಕಳದ ಬಳಿ. ರಾಜ್ಯಗಳ ಪುನರ್ವಿಂಗಡಣೆಗೆ ಮುಂಚೆ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ತನ್ನ ಮಠದ ಭೂಮಿಯ ಸಲುವಾಗಿ ದೆಹಲಿಗೆ ಅರ್ಜಿ ಹಾಕಿದ ಸ್ವಾಮಿಯೂ ಅದನ್ನು ಕೇಳಿದವರಲ್ಲೊಬ್ಬ ನ್ಯಾಯಾಧೀಶನೂ ಒಂದೇ ಕಡಲ ಗಾಳಿಗೆ ಬೆಳೆದವರಾದುದನ್ನು ನಮ್ಮ ಇತಿಹಾಸಕಾರರು ಏಕೋ ಗಮನಿಸುವುದಿಲ್ಲ. ಇರಲಿ. ಏಪ್ರಿಲ್ 24ರಂದು ತೀರ್ಪು ಹೊರಬಂದಿತು. ಸಂವಿಧಾನವನ್ನು ತಿದ್ದುವ ಅಧಿಕಾರವು ಸಂಸತ್ತಿಗೆ ಉಂಟು, ಆದರೆ ಅದರ ಮೂಲರಚನೆಯನ್ನು ಭಗ್ನಗೊಳಿಸುವ ಅಧಿಕಾರವಿಲ್ಲ ಎಂದು ಏಳು ಮಂದಿ ಹೇಳಿದರು. ಆರು ಮಂದಿ ಒಪ್ಪಲಿಲ್ಲ. ಹೆಗ್ಡೆಯವರೂ ಮುಖರ್ಜಿಯವರೂ ಕೂಡಿ ಬರೆದ ತೀರ್ಪು ಆ ಏಳರ ಪಕ್ಷದಲ್ಲಿತ್ತು. ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಜ್ಯೇಷ್ಠತೆಯಲ್ಲಿ ಅವರ ಹಿಂದೆ ಇದ್ದವರು ಶೇಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು, ಮೂವರೂ ಬಹುಮತದಲ್ಲಿದ್ದವರು. ಸರ್ಕಾರವು ಆ ಮೂವರನ್ನೂ ದಾಟಿ, ಅಲ್ಪಮತದಲ್ಲಿದ್ದ, ಬ್ಯಾಂಕು ಮೊಕದ್ದಮೆಯಲ್ಲಿ ಒಂಟಿಯಾಗಿ ಸರ್ಕಾರದ ಪರ ನಿಂತಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಿತು. ಮೂವರೂ ರಾಜೀನಾಮೆಯಿತ್ತರು.

ಅಧ್ಯಾಪಕರು: ಸರ್ಕಾರದ ಸಮರ್ಥನೆಯನ್ನು ಲೋಕಸಭೆಯಲ್ಲಿ ಮಂಡಿಸಿದವರೂ ಒಬ್ಬ ವಕೀಲರೇ, ಉಕ್ಕಿನ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ. ಕಾನೂನು ಸಚಿವ ಗೋಖಲೆಯವರಾದರೋ ಸ್ವತಃ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಎಂದರೆ ಒಂದು ಕಡೆ ವಕೀಲರು, ಇನ್ನೊಂದು ಕಡೆಯೂ ವಕೀಲರು. ನ್ಯಾಯಾಧೀಶನೂ ಒಂದು ಜೀವನದೃಷ್ಟಿಯುಳ್ಳ ಮನುಷ್ಯನೇ, ಕಾಲದ ಗತಿಯನ್ನು ಅರಿಯದವನನ್ನು ವಯಸ್ಸಿನ ಬಲದಿಂದ ಮಾತ್ರ ಮೇಲಕ್ಕೆ ಏರಿಸಬೇಕಾಗಿಲ್ಲ ಎಂಬುದು ಕುಮಾರಮಂಗಲಂ ಅವರ ವಾದದ ತಿರುಳು. ಅದರಲ್ಲಿ ಅಪಾಯವಿರುವುದನ್ನು ಬಲ್ಲೆನಾದರೂ ಅದು ಹುರುಳಿಲ್ಲದ ಮಾತೆಂದು ತಳ್ಳಿಹಾಕಲೊಲ್ಲೆ.

ವಕೀಲರು: ಹುರುಳಿದೆ; ಅಪಾಯವಿರುವುದೂ ಆ ಹುರುಳಿನಲ್ಲಿಯೇ. ನ್ಯಾಯಾಧೀಶನಿಗೆ ದೃಷ್ಟಿಯಿರುವುದು ಸಹಜ. ಆದರೆ ಯಾವ ದೃಷ್ಟಿ ಯೋಗ್ಯವೆಂಬುದನ್ನು ಅವನ ಮುಂದೆ ನಿತ್ಯವೂ ಕಕ್ಷಿಯಾಗಿ ನಿಲ್ಲುವ ಸರ್ಕಾರವೇ ನಿರ್ಣಯಿಸತೊಡಗಿದರೆ, ಕ್ರೈಪಾಕಿನ ಅರಣ್ಯಾಧಿಕಾರಿಯು ಆಯ್ಕೆಯ ಮಂಡಲಿಯಲ್ಲಿ ಮರಳಿ ಬಂದು ಕುಳಿತಂತಾಯಿತು. ಹಳೆಯ ಕ್ರಮವೇ ನಡೆದಿದ್ದರೆ ಶೇಲತ್ತರು ಜುಲೈವರೆಗೆ ಇರುತ್ತಿದ್ದರು, ಆಮೇಲೆ 1974ರ ಜೂನ್‌ವರೆಗೆ ಹೆಗ್ಡೆಯವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿರುತ್ತಿದ್ದರು. ಆ ಪದವಿಯ ನಷ್ಟವನ್ನು ನಾನು ದೊಡ್ಡದಾಗಿ ಎಣಿಸುವುದಿಲ್ಲ. ನಾನು ಎಣಿಸುವುದು ಇನ್ನೊಂದನ್ನು. ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿದ್ದವನು ಭಾರತದ ಯಾವ ನ್ಯಾಯಾಲಯದಲ್ಲಿಯೂ ಮತ್ತೆ ವಕೀಲಿ ನಡೆಸಕೂಡದೆಂದು ಸಂವಿಧಾನದ 124ನೆಯ ವಿಧಿಯ ಏಳನೆಯ ಖಂಡವು ಕಟ್ಟುಮಾಡಿದೆ. ಅರುವತ್ತನಾಲ್ಕರ ಅಂಚಿನಲ್ಲಿದ್ದ, ದೇಹವೂ ಬುದ್ಧಿಯೂ ಗಟ್ಟಿಯಾಗಿದ್ದ, ಮಾತನಾಡುವುದನ್ನು ವೃತ್ತಿಯಾಗಿ ಕಲಿತಿದ್ದ ಆ ಮನುಷ್ಯನಿಗೆ ಪೀಠವು ತಪ್ಪಿತು. ವಕೀಲಿಯ ಬಾಗಿಲು ಮೊದಲೇ ಮುಚ್ಚಿತ್ತು. ಉಳಿದುದು ಸಾರ್ವಜನಿಕ ವೇದಿಕೆಯೊಂದೇ. ಭಾರತದ ನ್ಯಾಯಾಂಗದ ಬಿಕ್ಕಟ್ಟನ್ನು ಕುರಿತು ಅದೇ ವರ್ಷ ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ನ್ಯಾಯಾಂಗದ ಸ್ವಾತಂತ್ರ್ಯವನ್ನು ಕುರಿತು ವೇದಿಕೆಗಳಲ್ಲಿ ಮಾತನಾಡಿದರು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಿತು. 1977ರಲ್ಲಿ ಚುನಾವಣೆಯು ಘೋಷಣೆಯಾದಾಗ ಜನತಾ ಪಕ್ಷದ ಅಭ್ಯರ್ಥಿಯಾಗಿ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಇದು ಎರಡನೆಯ ದಾಟು.

ಅಧ್ಯಾಪಕರು: ನಿಂತು, ಕುಮಾರಮಂಗಲಂ ಅವರ ವಾದಕ್ಕೆ ತಾವೇ ಸಾಕ್ಷ್ಯವನ್ನು ಒದಗಿಸಿದರು! "ನೋಡಿ, ಇವರು ಮೊದಲಿನಿಂದಲೂ ರಾಜಕಾರಣಿಯೇ, ತೀರ್ಪುಗಳಲ್ಲಿಯೂ ಇದ್ದುದು ರಾಜಕಾರಣವೇ" ಎಂದು ಹೇಳುವವರ ಬಾಯಿಗೆ ಸಕ್ಕರೆ ಹಾಕಿದಂತಾಗಲಿಲ್ಲವೆ? ಶೇಲತ್, ಗ್ರೋವರ್ ಇಬ್ಬರೂ ಚುನಾವಣೆಗೆ ನಿಲ್ಲಲಿಲ್ಲ. ಆ ಮೌನವೂ ಒಂದು ಬಗೆಯ ಉತ್ತರವೇ ಆಗಿತ್ತು.

ವಕೀಲರು: ಮೌನವು ದೊಡ್ಡದೆಂದು ಒಪ್ಪುತ್ತೇನೆ. ಆದರೆ ಹೆಗ್ಡೆಯವರು ಯಾರ ಬಳಿಗೆ ಹೋದರೆಂಬುದನ್ನು ನೋಡಿ. ಯಾವ ಸರ್ಕಾರದ ಬಾಗಿಲಿಗೂ ಹೋಗಲಿಲ್ಲ, ಆಯೋಗವನ್ನು ಕೇಳಲಿಲ್ಲ, ರಾಜ್ಯಪಾಲರಾಗಲು ಕಾಯಲಿಲ್ಲ. ಪೀಠವನ್ನು ಬಿಟ್ಟು ನಾಲ್ಕು ವರ್ಷ ಹತ್ತಿರವಾದ ಮೇಲೆ, ತನ್ನ ಹಳೆಯ ತೀರ್ಪುಗಳೆಲ್ಲ ಅಚ್ಚಾಗಿ ಎಲ್ಲರ ಕಣ್ಣೆದುರಿಗೆ ಇರುವಾಗ, ಬಸವನಗುಡಿ, ಜಯನಗರಗಳ ಬೀದಿಯ ಮತದಾರನನ್ನು ಕೇಳಿದರು. ಅದೂ ಎಂತಹ ಸ್ಪರ್ಧೆ! ಎದುರಾಳಿಯಾಗಿ ನಿಂತವರು ಕೆಂಗಲ್ ಹನುಮಂತಯ್ಯನವರು.

ಅಧ್ಯಾಪಕರು: ಹೌದು, ಅದೊಂದು ವಿಚಿತ್ರವಾದ ಕಾಳಗ. ಹನುಮಂತಯ್ಯನವರೂ ವಕೀಲರೇ, ಸಂವಿಧಾನ ಸಭೆಯಲ್ಲಿ ಕುಳಿತವರು, 1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿ, 1962ರಿಂದ ಬೆಂಗಳೂರಿನ ಲೋಕಸಭಾ ಸದಸ್ಯರು, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು, ರೈಲ್ವೆ ಸಚಿವರು. ಅವರು ಕಟ್ಟಿಸಿದ ವಿಧಾನಸೌಧದ ಎದುರಿಗೇ ಇರುವ ಕೆಂಪು ಕಟ್ಟಡದಲ್ಲಿ ಹೆಗ್ಡೆಯವರು ಒಂಬತ್ತು ವರ್ಷ ನ್ಯಾಯಾಧೀಶರಾಗಿದ್ದರು. ಒಂದೇ ರಸ್ತೆಯ ಎರಡು ಪಕ್ಕಗಳ ಪ್ರತಿನಿಧಿಗಳಂತೆ ಇಬ್ಬರು ವೃದ್ಧ ವಕೀಲರು ಮತದಾರರೆಂಬ ಜ್ಯೂರಿಯ ಮುಂದೆ ವಾದಿಸಿದರು. ಹನುಮಂತಯ್ಯನವರು ಸೋತರು.

ವಕೀಲರು: ಸೋತುದು ಗಾಳಿಯ ಬಲದಿಂದಲ್ಲ ಎಂಬುದನ್ನೂ ಸೇರಿಸಿ. ಉತ್ತರದಲ್ಲಿ ಜನತಾ ಅಲೆಯು ಎಲ್ಲವನ್ನೂ ಕೊಚ್ಚಿಕೊಂಡು ಹೋದರೂ ಕರ್ನಾಟಕದಲ್ಲಿ, ದೇವರಾಜ ಅರಸರ ಭೂಸುಧಾರಣೆಯ ವರ್ಚಸ್ಸಿನಿಂದಲೋ, ತುರ್ತುಪರಿಸ್ಥಿತಿಯ ಬಿಸಿ ಇಲ್ಲಿಗೆ ಅಷ್ಟಾಗಿ ತಾಗದುದರಿಂದಲೋ, 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ.

ಅಧ್ಯಾಪಕರು: ಗೆಲುವನ್ನು ಒಪ್ಪಿದೆ. ಈಗ ಅಧ್ಯಕ್ಷಪೀಠಕ್ಕೆ ಬನ್ನಿ. ನನ್ನ ನಿಜವಾದ ಕುತೂಹಲವಿರುವುದು ಅಲ್ಲಿ. ನೀಲಂ ಸಂಜೀವರೆಡ್ಡಿಯವರು ರಾಷ್ಟ್ರಪತಿಯಾಗಲೆಂದು ಸಭಾಧ್ಯಕ್ಷ ಸ್ಥಾನವನ್ನು ಬಿಟ್ಟಾಗ 1977ರ ಜುಲೈ 21ರಂದು ಹೆಗ್ಡೆಯವರು ಆ ಸ್ಥಾನಕ್ಕೆ ಬಂದರು. ನ್ಯಾಯಾಧೀಶರಾಗಿದ್ದವರು ಸಭಾಧ್ಯಕ್ಷರಾದರೆ ಪಕ್ಷಾತೀತತೆಗೆ ಅದಕ್ಕಿಂತ ಒಳ್ಳೆಯ ಹೊಣೆಗಾರರು ಯಾರೆಂದು ಜನರು ಭಾವಿಸುವುದು ಸಹಜ. ಆದರೆ ಎರಡು ಪೀಠಗಳೂ ಎತ್ತರದಲ್ಲಿರುತ್ತವೆಂಬುದನ್ನು ಬಿಟ್ಟರೆ ಅವುಗಳಲ್ಲಿ ಸಾಮ್ಯವು ಅತ್ಯಲ್ಪ, ರಾಯರೇ. ನ್ಯಾಯಾಧೀಶನನ್ನು ತೆಗೆಯಬೇಕಾದರೆ ಸಂಸತ್ತಿನ ಎರಡು ಸದನಗಳೂ ವಿಶೇಷ ಬಹುಮತದಿಂದ ದೋಷಾರೋಪಣೆಯನ್ನು ಒಪ್ಪಬೇಕು. ಸಭಾಧ್ಯಕ್ಷನನ್ನು ತೆಗೆಯುವುದಕ್ಕೆ ಆ ಸಭೆಯ ಬಹುಮತದ ಒಂದು ಠರಾವು ಸಾಕು. ಯಾವ ಬಹುಮತವು ಅವನನ್ನು ಕೂರಿಸಿತೋ ಅದೇ ಬಹುಮತವು ಅವನ ಮುಂದೆ ಪ್ರತಿದಿನವೂ ಕಕ್ಷಿ. ನ್ಯಾಯಾಧೀಶನ ಸ್ವಭಾವವನ್ನು ಅಲ್ಲಿಗೆ ಕೊಂಡೊಯ್ಯಬಹುದು; ನ್ಯಾಯಾಧೀಶನ ಭದ್ರತೆಯನ್ನು ಕೊಂಡೊಯ್ಯಲಾಗದು.

ವಕೀಲರು: ತಾವು 1978ರ ಡಿಸೆಂಬರಿನ ಕಡೆಗೆ ಹೆಜ್ಜೆಯಿಡುತ್ತಿದ್ದೀರಿ.

ಅಧ್ಯಾಪಕರು: ಅಲ್ಲದೆ ಮತ್ತೇನು? ಘಟನೆಯು ನಮ್ಮ ಚಿಕ್ಕಮಗಳೂರಿನಿಂದಲೇ ಪ್ರಾರಂಭವಾಗುತ್ತದೆ. ಚಂದ್ರೇಗೌಡರು ಸ್ಥಾನವನ್ನು ತೆರವುಮಾಡಿಕೊಟ್ಟರು. ನವೆಂಬರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿಯವರು ಲೋಕಸಭೆಗೆ ಬಂದರು. ಆ ಹೊತ್ತಿಗಾಗಲೇ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಅವರ ಮೇಲಣ ಆರೋಪವೊಂದಿತ್ತು: 1975ರಲ್ಲಿ ಮಾರುತಿ ಸಂಸ್ಥೆಯನ್ನು ಕುರಿತ ಸಂಸತ್ತಿನ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸಲು ಮಾಹಿತಿಯನ್ನು ಕೂಡಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಮಾಡಿದರು, ಕಿರುಕುಳ ಕೊಡಿಸಿದರು ಎಂಬುದು. ಸಮರ್ ಗುಹಾ ಅವರ ಅಧ್ಯಕ್ಷತೆಯ ಸಮಿತಿಯು ಅಪರಾಧವು ಸಿದ್ಧವಾಯಿತೆಂದಿತು. ಡಿಸೆಂಬರ್ 19ರಂದು ಲೋಕಸಭೆಯು ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿತು, ಅಧಿವೇಶನವು ಮುಗಿಯುವವರೆಗೆ ಸೆರೆಮನೆಯನ್ನೂ ವಿಧಿಸಿತು. ಠರಾವನ್ನು ಮಂಡಿಸಿದವರು ಪ್ರಧಾನಮಂತ್ರಿ ಮೊರಾರ್ಜಿ ದೇಸಾಯಿಯವರೇ. ಈಗ ಹೇಳಿ: ದೂರಿದವರು ಯಾರು? ಬಹುಮತದವರು. ವಿಚಾರಣೆ ನಡೆಸಿದ ಸಮಿತಿಯಲ್ಲಿ ಹೆಚ್ಚಿನವರು ಯಾರು? ಬಹುಮತದವರು. ಶಿಕ್ಷೆಯನ್ನು ವಿಧಿಸಿದವರು? ಮತ್ತೆ ಅವರೇ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದೆಂದು ಕ್ರೈಪಾಕಿನಲ್ಲಿ ಬರೆದ ಕೈ ಯಾವುದು? ಆ ಸಭೆಯ ಅಧ್ಯಕ್ಷರ ಕೈ! ಅಷ್ಟೇ ಅಲ್ಲ, ಶಿಕ್ಷೆಗೆ ಗುರಿಯಾದವರು ಐದು ವರ್ಷ ಎಂಟು ತಿಂಗಳ ಹಿಂದೆ ಅವರನ್ನು ಮುಖ್ಯ ನ್ಯಾಯಮೂರ್ತಿಯ ಪದವಿಯಿಂದ ತಪ್ಪಿಸಿದ ಸರ್ಕಾರದ ಪ್ರಧಾನಿ.

ವಕೀಲರು: ತಾವು ಹೇಳಿದುದರಲ್ಲಿ ಒಂದು ಸಂಗತಿಯನ್ನೂ ನಾನು ಅಲ್ಲಗಳೆಯಲಾರೆ. ಆದರೆ ಹೊಣೆಯನ್ನು ಯಾರ ತಲೆಯ ಮೇಲೆ ಎಷ್ಟು ಹೊರಿಸಬೇಕೆಂಬುದಿದೆಯಷ್ಟೆ. ಸಭಾಧ್ಯಕ್ಷನಿಗೆ ಮತವಿಲ್ಲ, ಸಮಸಮವಾದಾಗ ನಿರ್ಣಾಯಕ ಮತದ ಹೊರತು. ಸಭೆಯು ಅಂಗೀಕರಿಸಿದ ಠರಾವನ್ನು ತಡೆಯುವ ಅಧಿಕಾರವೂ ಅವನಿಗಿಲ್ಲ. 105ನೆಯ ವಿಧಿಯು ಸಂಸತ್ತಿನ ಹಕ್ಕುಬಾಧ್ಯತೆಗಳನ್ನು ಕ್ರೋಡೀಕರಿಸದೆ, ಇಂಗ್ಲೆಂಡಿನ ಕಾಮನ್ಸ್ ಸಭೆಯ ಹಳೆಯ ಹಕ್ಕುಗಳ ಕಡೆಗೆ ಬೆರಳು ತೋರಿಸಿ ಸುಮ್ಮನಾಗಿತ್ತು. ರಾಜನೊಡನೆ ಹೋರಾಡುವುದಕ್ಕಾಗಿ ಶತಮಾನಗಳ ಹಿಂದೆ ಮಸೆದಿಟ್ಟ ಆಯುಧವನ್ನು ನಮ್ಮ ಸಭೆಯು ತನ್ನ ಸದಸ್ಯೆಯ ಮೇಲೆಯೇ ಎತ್ತಿತು. ಆ ದಿನ ಸಭೆಯ ನಾಯಕರಿಗೆ ವಿವೇಕವಿರಬೇಕಾಗಿತ್ತು.

ಅಧ್ಯಾಪಕರು: ಮತವಿಲ್ಲದಿರಬಹುದು, ಅನುಮತಿಯಿತ್ತು. ಹಕ್ಕುಚ್ಯುತಿಯ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಬೇಕಾದರೆ ಸಭಾಧ್ಯಕ್ಷರ ಸಮ್ಮತಿಯು ಬೇಕೆಂದು ನಿಯಮಾವಳಿಯೇ ಹೇಳುತ್ತದೆ. ಒಂದು ಲೋಕಸಭೆಯ ಕಾಲದಲ್ಲಿ ನಡೆದುದನ್ನು ಇನ್ನೊಂದು ಲೋಕಸಭೆಯು ದಂಡಿಸಬಹುದೆ, ಸದಸ್ಯತ್ವಕ್ಕೆ ಮುಂಚಿನ ಕೃತ್ಯಕ್ಕಾಗಿ ಸದಸ್ಯತ್ವವನ್ನು ಕಸಿಯಬಹುದೆ ಎಂಬಂಥ ಪ್ರಶ್ನೆಗಳು ಸಾಮಾನ್ಯ ಸದಸ್ಯನಿಗೆ ಹೊಳೆಯದಿರಬಹುದು. ಸುಪ್ರೀಂ ಕೋರ್ಟಿನಲ್ಲಿ ಆರು ವರ್ಷ ಸಂವಿಧಾನವನ್ನೇ ಉಂಡು ಉಟ್ಟವರಿಗೆ ಹೊಳೆಯದೆ? ನಾಲ್ಕು ಮಾತುಗಳಲ್ಲಿ ಸಭೆಗೆ ತಮ್ಮ ಹಳೆಯ ತೀರ್ಪಿನ ತತ್ತ್ವವನ್ನು ಜ್ಞಾಪಿಸಿ, "ಈ ವಿಷಯದಲ್ಲಿ ನನ್ನ ಪೂರ್ವಚರಿತ್ರೆಯ ಕಾರಣದಿಂದ ಉಪಾಧ್ಯಕ್ಷರು ಎಲ್ಲವನ್ನೂ ನಿರ್ವಹಿಸಲಿ" ಎಂದು ದೂರ ಸರಿದಿದ್ದರೆ, ಫಲವು ಅದೇ ಆಗಿದ್ದರೂ, ಸಂಸದೀಯ ಇತಿಹಾಸದಲ್ಲಿ ಅದೊಂದು ಮೇಲ್ಪಂಕ್ತಿಯಾಗುತ್ತಿತ್ತು.

ವಕೀಲರು: ಆಗುತ್ತಿತ್ತು. ಈ ಒಂದು ಅಂಶದಲ್ಲಿ ನಾನು ನನ್ನ ಕಕ್ಷಿಯನ್ನು ಸಮರ್ಥಿಸಲೊಲ್ಲೆ. 1981ರ ಮೇ 7ರಂದು ಮುಂದಿನ ಲೋಕಸಭೆಯು ಆ ಠರಾವನ್ನೇ ರದ್ದುಪಡಿಸಿತು. ಅದೂ ಬಹುಮತದ ಕೆಲಸವೇ, ಈ ಸಲ ಇನ್ನೊಂದು ಪಕ್ಷದ ಬಹುಮತ. ಒಂದು ಬಹುಮತವು ಕಟ್ಟಿದ ಗಂಟನ್ನು ಇನ್ನೊಂದು ಬಿಚ್ಚಿತೆಂಬುದರಿಂದ ನ್ಯಾಯವು ನಿರ್ಣಯವಾಯಿತೆಂದು ನಾನು ತಿಳಿಯುವುದಿಲ್ಲ. ನ್ಯಾಯವಾದಿಯೊಬ್ಬನು ಸಂಸತ್ತಿಗೆ ಕೊಂಡೊಯ್ಯುವ ಗುಣಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಎದುರುಪಕ್ಷವನ್ನು ಕೇಳಿ ಆಮೇಲೆ ನಿರ್ಣಯಿಸುವ ಅಭ್ಯಾಸ. ಅದು ಅತ್ಯಂತ ದುರ್ಬಲವಾಗುವುದೂ, ಕೇಳುವವನೂ ಹೇಳುವವನೂ ಒಂದೇ ಗುಂಪಿಗೆ ಸೇರಿದ ಈ ತೆರನ ಸಂದರ್ಭದಲ್ಲಿಯೇ. ಆದರೆ ಅವರ ಅಧ್ಯಕ್ಷತೆಯನ್ನು ಆ ಒಂದು ದಿನದಿಂದಲೇ ಅಳೆಯಬೇಡಿ. ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯು ಮಾಡಿದ ಗಾಯಗಳನ್ನು ಬಹುಮಟ್ಟಿಗೆ ವಾಸಿಮಾಡಿದ 44ನೆಯ ತಿದ್ದುಪಡಿಯು ಅಂಗೀಕಾರವಾದುದು ಅವರ ಸಭೆಯಲ್ಲಿಯೇ. ಇನ್ನೊಂದು ವಿನೋದವನ್ನು ಕೇಳಿ: ಆಸ್ತಿವಂತರ ನ್ಯಾಯಾಧೀಶರೆಂದು ವಿರೋಧಿಗಳು ಯಾರನ್ನು ಹಳಿಯುತ್ತಿದ್ದರೋ ಅವರ ಅಧ್ಯಕ್ಷತೆಯಲ್ಲಿಯೇ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಿಂದ ಹೊರಬಿದ್ದಿತು!

ಅಧ್ಯಾಪಕರು: ಒಪ್ಪಿದೆ. ಮಿಕ್ಕುದು ನನಗೆ ಗೊತ್ತು. 1979ರ ಜುಲೈಯಲ್ಲಿ ಜನತಾ ಪಕ್ಷ ಒಡೆಯಿತು, ಮೊರಾರ್ಜಿಯವರು ಇಳಿದರು, ಚರಣಸಿಂಗರು ಒಂದು ದಿನವೂ ಲೋಕಸಭೆಯನ್ನು ಎದುರಿಸದೆ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು, ಸಭೆ ವಿಸರ್ಜನೆಯಾಯಿತು. ಪಕ್ಷಾಂತರಕ್ಕೆ ಕಾನೂನಿನ ಕಡಿವಾಣವು ಬಂದುದು 1985ರಲ್ಲಿ. ಆ ಜುಲೈಯಲ್ಲಿ ಸಾಲುಸಾಲಾಗಿ ಆಸನಗಳನ್ನು ಬದಲಿಸುತ್ತಿದ್ದವರನ್ನು ನೋಡುತ್ತ ಕೂರುವುದಷ್ಟೇ ಸಭಾಧ್ಯಕ್ಷರಿಗೆ ಸಾಧ್ಯವಾಗಿತ್ತು. ಆಮೇಲೆ ಅವರೇನು ಮಾಡಿದರು?

ವಕೀಲರು: 1980ರ ಜನವರಿಯಲ್ಲಿ ಹೊಸ ಸಭೆ ಬರುವವರೆಗೆ ಸ್ಥಾನದಲ್ಲಿದ್ದು ಇಳಿದರು. ಹೊಸದಾಗಿ ಹುಟ್ಟಿದ ಭಾರತೀಯ ಜನತಾ ಪಕ್ಷದಲ್ಲಿ ಕೆಲವು ವರ್ಷ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ತಮ್ಮ ಊರ ಕಡೆಯ ನಿಟ್ಟೆಯಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಗೆ ಕೊನೆಯ ಹತ್ತು ವರ್ಷಗಳನ್ನು ಬಹುವಾಗಿ ಕೊಟ್ಟರು; 1990ರ ಮೇ 24ರಂದು ತೀರಿಕೊಂಡರು. ಅವರ ಪುತ್ರ ಸಂತೋಷ ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ, ಆಮೇಲೆ ನಮ್ಮ ರಾಜ್ಯದ ಲೋಕಾಯುಕ್ತರಾಗಿ ಮಾಡಿದ ಕೆಲಸವನ್ನು ತಾವೇ ನೋಡಿದ್ದೀರಿ.

ಅಧ್ಯಾಪಕರು: ಹಾಗಾದರೆ ತಮ್ಮ ತೀರ್ಮಾನವೇನು? 1957ರ ದಾಟನ್ನು ಲೋಕವು ಮರೆತಿದೆ. 1977ರ ದಾಟನ್ನೇ ಎತ್ತಿ ಆಡುತ್ತದೆ.

ವಕೀಲರು: ಲೋಕದ ಎಣಿಕೆಯು ತಲೆಕೆಳಗಾಗಿದೆಯೆಂಬುದೇ ನನ್ನ ತೀರ್ಮಾನ. ಆಕ್ಷೇಪಣೆಗೆ ಎಡೆಯಿರುವುದು ಮೊದಲನೆಯ ದಾಟಿನಲ್ಲಿ. ಏಕೆಂದರೆ ಅಲ್ಲಿ ಕೊಟ್ಟುದು ಸರ್ಕಾರ, ಪಡೆದುದು ಆಳುವ ಪಕ್ಷದ ಸದಸ್ಯ, ನಡುವೆ ಅಂತರವಿಲ್ಲ. ಎರಡನೆಯದರಲ್ಲಿ ಕೊಟ್ಟವನು ಮತದಾರ. ಕೊಡದೆ ಇರುವ ಸ್ವಾತಂತ್ರ್ಯವೂ ಅವನಿಗಿತ್ತು, ಪಕ್ಕದ ಕ್ಷೇತ್ರಗಳಲ್ಲೆಲ್ಲ ಅವನು ಆ ಪಕ್ಷಕ್ಕೆ ಕೊಡಲೂ ಇಲ್ಲ.

ಅಧ್ಯಾಪಕರು: ಮತದಾರನನ್ನು ಕೇಳುವುದೊಂದೇ ಸಾಕೆ? ಕಲಕತ್ತೆಯ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯರು 2024ರ ಮಾರ್ಚ್ 5ರಂದು ನ್ಯಾಯಾಧೀಶ ಪದವಿಯನ್ನು ಬಿಟ್ಟು, ಅದೇ ವಾರದಲ್ಲಿ ಪಕ್ಷವನ್ನು ಸೇರಿ, ಅದೇ ಬೇಸಿಗೆಯಲ್ಲಿ ತಾಮ್ಲೂಕ್ ಕ್ಷೇತ್ರದಿಂದ ಗೆದ್ದು ಲೋಕಸಭೆಗೆ ಹೋದರು. ಅವರನ್ನು ಕಳುಹಿಸಿದವನೂ ಮತದಾರನೇ ಅಲ್ಲವೆ?

ವಕೀಲರು: ಸಾಲದು. ಕೇಳುವುದಕ್ಕೆ ಮುಂಚೆ ಕಾಯಬೇಕು. ನಿನ್ನೆಯ ತೀರ್ಪಿನ ಮಸಿ ಆರುವ ಮೊದಲೇ ಪ್ರಚಾರಕ್ಕೆ ಹೊರಟರೆ, ಮೊನ್ನೆಯ ತೀರ್ಪುಗಳನ್ನೆಲ್ಲ ಜನರು ಮತ್ತೊಮ್ಮೆ ಬೇರೆಯ ಕನ್ನಡಕದಿಂದ ಓದತೊಡಗುತ್ತಾರೆ. ಹೆಗ್ಡೆಯವರು ನಾಲ್ಕು ವರ್ಷದಷ್ಟು ಕಾದರು, ಆಮೇಲೆ ಜನರನ್ನು ಕೇಳಿದರು. ಎರಡೂ ಕೂಡಿದುದರಿಂದ ಆ ದಾಟು ಸ್ವಚ್ಛವಾಯಿತು. ಇನ್ನು 2019ರ ನವೆಂಬರಿನಲ್ಲಿ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿಗಳು ಮರುವರ್ಷ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡುದೇ ಮೊದಲಾದವುಗಳಲ್ಲಿ ಕಾದುದೂ ಇಲ್ಲ, ಕೇಳಿದುದೂ ಇಲ್ಲ.

ಅಧ್ಯಾಪಕರು: ಸರಿ, 1977ರದು ಸ್ವಚ್ಛವೆಂದು ಒಪ್ಪುತ್ತೇನೆ. 1957ರದಕ್ಕೂ 1978ರ ಡಿಸೆಂಬರಿಗೂ ನನ್ನ ಆಕ್ಷೇಪಣೆಯು ಹಾಗೆಯೇ ದಾಖಲೆಯಲ್ಲಿರಲಿ.

ವಕೀಲರು: ಇರಲಿ. ಅದರ ಕೆಳಗೆ ನನ್ನದೊಂದು ಟಿಪ್ಪಣಿಯೂ ಇರಲಿ. ನಿವೃತ್ತ ನ್ಯಾಯಾಧೀಶರು ಸರ್ಕಾರದ ಉದ್ಯೋಗವನ್ನು ಸ್ವೀಕರಿಸಬಾರದೆಂದು ಸೆತಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ, 1958ರಲ್ಲಿಯೇ, ಬರೆದಿತ್ತು. ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರಾಗಿದ್ದವರು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಮತ್ತೆ ಸರ್ಕಾರಿ ಹುದ್ದೆಯನ್ನು ಹಿಡಿಯಕೂಡದೆಂದು ಸಂವಿಧಾನದ 148ನೆಯ ವಿಧಿಯು ಸ್ಪಷ್ಟವಾಗಿ ಹೇಳಿದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶನಿಗೆ ಸಂವಿಧಾನವು ನಿಷೇಧಿಸಿರುವುದು ವಕೀಲಿಯನ್ನು ಮಾತ್ರ.